ಕನಕಪ್ಪ ವಿತೋರಿಯಾ ನೋಡಿದ ದಿನ

ಕನಕಪ್ಪನ ಪಾಸ್‌ಪೋರ್ಟ್ ಅರ್ಜಿ ತುಂಬಿಕೊಟ್ಟವನು ನಾನು. ಏಳನೆಯ ಇಯತ್ತೆಯವರೆಗೆ ನನ್ನ ಹತ್ತಿರ ಕಲಿತವನು, ಆಮೇಲೆ ಕುರಿಗಳ ಹಿಂದೆ ಹೋದ. ನಾನು ನಿವೃತ್ತನಾಗಿ ಹುನಗುಂದದಲ್ಲಿ ನೆಲೆಸಿದ ಮೇಲೂ ತನ್ನ ಮನೆಗೆ ಯಾವ ಸರಕಾರಿ ಕಾಗದ ಬಂದರೂ ಅದನ್ನು ನನ್ನ ಮುಂದೆಯೇ ತಂದು ಇಡುತ್ತಿದ್ದ. ಅರ್ಜಿಯಲ್ಲಿ ಉದ್ಯೋಗ ಎಂದಿರುವ ಕಡೆ ಏನು ಬರೆಯಲಿ ಎಂದು ಕೇಳಿದೆ.

"ಕಲ್ಲು ಬಾರಸೂದ್ರಿ ಮಾಸ್ತರ," ಎಂದ.

"ಹಂಗ ಬರದ್ರ ಅವರಿಗೆ ತಿಳಿಯೂದಿಲ್ಲೋ."

"ಮತ್ತ ನಾ ಮಾಡೂದು ಅಷ್ಟ ಐತಿ."

ಅವನು ಹೇಳಿದ್ದು ಸುಳ್ಳಲ್ಲ. ಇಳಕಲ್ ಸುತ್ತಲಿನ ಕೆಂಪು ಗ್ರಾನೈಟನ್ನು ಸಣ್ಣ ಖೋಲಿಯಷ್ಟು ದೊಡ್ಡ ಬ್ಲಾಕುಗಳಾಗಿ ಸೀಳಿ ತೆಗೆಯುತ್ತಾರೆ. ಕ್ರೇನಿನ ಹಗ್ಗ ಬಿಗಿಯುವ ಮೊದಲು ಆ ಬ್ಲಾಕಿನ ಹೊಟ್ಟೆಯಲ್ಲಿ ಬಿರುಕು ಇದೆಯೋ ಇಲ್ಲವೋ ಎಂದು ಯಾರಾದರೂ ಹೇಳಬೇಕು. ಒಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಕನಕಪ್ಪ ಸಣ್ಣ ಸುತ್ತಿಗೆ ಹಿಡಿದು ಬ್ಲಾಕಿನ ಸುತ್ತ ನಡೆಯುತ್ತ ಬಾರಿಸುತ್ತಾನೆ. ಗಟ್ಟಿ ಕಲ್ಲು ಕಂಚಿನ ಹಾಗೆ ಠಣ್ ಎನ್ನುತ್ತದೆ, ಒಡೆದದ್ದು ಬದ್ ಎನ್ನುತ್ತದೆ. ಠಣ್ ಎಂದರೆ ಕೆಂಪು ಬಣ್ಣದಲ್ಲಿ ಒಂದು ಗುರುತು ಹಾಕುತ್ತಾನೆ. ಆ ಗುರುತು ಬಿದ್ದ ಮೇಲೆಯೇ ಕ್ರೇನು ಅಲುಗಬೇಕು. ಹುಡುಗನಾಗಿದ್ದಾಗ ಇನ್ನೂರು ಕುರಿಗಳೊಳಗೆ ಯಾವ ಮರಿ ಕೂಗಿತೆಂದು ಬೆನ್ನು ತಿರುಗಿಸಿ ನಿಂತೇ ಹೇಳುತ್ತಿದ್ದ. ಕುರಿ ಕಾಯುವ ದೇವರು ಬೀರಪ್ಪ ಕೊಟ್ಟ ಕಿವಿ ಎಂದು ಅವರ ಮನೆಯವರು ಹೇಳುತ್ತಿದ್ದರು.

ಅವನ ತಮ್ಮ ಹಣಮೇಶ ಅಣ್ಣನಿದ್ದ ಕಲ್ಲುಕ್ವಾರಿಯಲ್ಲೇ ಡ್ರಿಲ್ ಹಿಡಿಯುತ್ತಿದ್ದ. ಅಣ್ಣನಿಗಿಂತ ಹನ್ನೊಂದು ವರ್ಷ ಚಿಕ್ಕವನು, ಬಾಯಿತುಂಬ ನಗೆಯವನು. ಎಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಕ್ರೇನು ಎತ್ತುತ್ತಿದ್ದ ಬ್ಲಾಕು ಮೇಲೆಯೇ ಎರಡಾಗಿ ಅರ್ಧ ಕೆಳಗೆ ಬಿತ್ತು. ಹಣಮೇಶ ಅದರ ಕೆಳಗೆ ಸಿಕ್ಕ. ಆಗ ಅವನಿಗೆ ಮೂವತ್ನಾಲ್ಕು ವರ್ಷ, ಮಗಳು ಮಹಾದೇವಿಗೆ ಒಂಬತ್ತು. ಕಲ್ಲು ಮೋಸ ಮಾಡಿತು ಎಂದು ಕ್ವಾರಿಯವರು ಹೇಳಿದರು. ಮಣ್ಣಿಗೆ ಹೋದ ನಾವೆಲ್ಲರೂ ಅದನ್ನೇ ಹೇಳಿ ಕನಕಪ್ಪನ ಬೆನ್ನು ಸವರಿ ಬಂದೆವು. ಹಣಮೇಶನ ಹೆಂಡತಿ ಸವಿತಾ ಮಗಳನ್ನು ಕಟ್ಟಿಕೊಂಡು ಅದೇ ಮನೆಯಲ್ಲಿ ಉಳಿದಳು. ಕನಕಪ್ಪನ ಹೆಂಡತಿ ಸಾವಂತ್ರವ್ವ ಆಕೆಯನ್ನು ಒಡಹುಟ್ಟಿದವಳಂತೆ ನೋಡಿಕೊಂಡಳು.

ಅಂದಿನಿಂದ ಕನಕಪ್ಪ ಬದಲಾದ. ನಾಲ್ಕು ಏಟು ಹಾಕುವ ಕಡೆ ನಲವತ್ತು ಹಾಕತೊಡಗಿದ. ಒಂದು ಸಣ್ಣ ಅನುಮಾನ ಬಂದರೂ ಗುರುತು ಹಾಕುತ್ತಿರಲಿಲ್ಲ. ಲಾರಿಗಳು ಕಾಯುತ್ತಿದ್ದವು, ಕ್ರೇನಿನವರು ಬೈಯುತ್ತಿದ್ದರು. ಆದರೆ ಅವನು ಗುರುತು ಹಾಕಿದ ಒಂದು ಕಲ್ಲೂ ಆಮೇಲೆ ಒಡೆಯಲಿಲ್ಲ, ಒಂದೂ ವಾಪಸು ಬರಲಿಲ್ಲ. ಅವನ ಹೆಸರು ಇಳಕಲ್ ದಾಟಿ ಹೋಯಿತು. ಹೊಸ ಮಾಲಕರೊಬ್ಬರು ಅವನನ್ನು ತಮ್ಮಲ್ಲಿಗೆ ಕರೆದುಕೊಂಡರು. ಅವರ ಫ್ಯಾಕ್ಟರಿಗೆ ಬ್ರೆಜಿಲ್ ದೇಶದ ಹಸಿರು ಕಲ್ಲು ತರಿಸುವ ಮಾತು ನಡೆದಾಗ, ಅದನ್ನು ಬಾರಿಸಿ ಆರಿಸಲು ಕನಕಪ್ಪನೇ ಬರಬೇಕು ಎಂದರು. ಹೀಗೆ ಐವತ್ಮೂರನೆಯ ವಯಸ್ಸಿಗೆ, ಹುಬ್ಬಳ್ಳಿಯ ಆಚೆ ಹೋಗದ ಮನುಷ್ಯ, ಅಮೀನಗಡದ ಕರದಂಟಿನ ಆರು ಡಬ್ಬಿ ಚೀಲಕ್ಕೆ ಹಾಕಿಕೊಂಡು ವಿಮಾನ ಹತ್ತಿದ.

ಜತೆಗೆ ಮಾಲಕರು ಮತ್ತು ಅವರ ಆಫೀಸಿನ ಜುಬೇರ ಇದ್ದರು. ಜುಬೇರ ಇಳಕಲ್‌ನವನೇ, ನಲವತ್ತು ದಾಟಿದವನು. ಆ ದೇಶಕ್ಕೆ ಅದು ಅವನ ಐದನೆಯ ಪ್ರಯಾಣ. ಅಲ್ಲಿಯ ಮಾತು ಅಷ್ಟಿಷ್ಟು ಕಲಿತಿದ್ದ. ಇಳಿದದ್ದು ವಿತೋರಿಯಾ ಎಂಬ ಸಮುದ್ರದಂಡೆಯ ಊರಿನಲ್ಲಿ. ಅಲ್ಲಿಂದ ದಿನಾ ಒಳನಾಡಿನ ಕ್ವಾರಿಗಳಿಗೆ ಹೋಗಿ ಸಂಜೆಗೆ ಮರಳುತ್ತಿದ್ದರು. ಐದು ದಿನ ಕನಕಪ್ಪ ಕಲ್ಲು ಬಾರಿಸಿದ. ಆರನೆಯ ದಿನ ಶನಿವಾರ, ಕೆಲಸ ಇರಲಿಲ್ಲ. ಮಾಲಕರು ಮೊಣಕಾಲು ನೋವೆಂದು ಹೋಟೆಲಿನಲ್ಲೇ ಮಲಗಿದರು.

"ಕನಕಣ್ಣಾ, ಇಷ್ಟ ದೂರ ಬಂದು ಬರೇ ಕಲ್ಲ ನೋಡಿ ಹೋಗ್ತಿ ಏನು? ನಡಿ, ಇವತ್ತ ಊರ ತೋರಸ್ತೇನಿ," ಎಂದ ಜುಬೇರ.

ಆ ದಿನ ನಡೆದದ್ದನ್ನು ನಾನು ಇಬ್ಬರ ಬಾಯಿಂದಲೂ ಕೇಳಿದ್ದೇನೆ. ಇಬ್ಬರ ಮಾತಿನಲ್ಲೂ ಹೆಚ್ಚು ಅಂತರವಿಲ್ಲ.

ಮೊದಲು ದಂಡೆಗೆ ಹೋದರು. ಐದು ದಿನ ಕಾರಿನ ಕಿಟಕಿಯಿಂದ ಕಂಡಿದ್ದರೂ ಕನಕಪ್ಪ ಸಮುದ್ರದ ಹತ್ತಿರ ನಿಂತದ್ದು ಆಗಲೇ. ಬಾಗಲಕೋಟೆಯಲ್ಲಿ ಹಳೇ ಪೇಟೆಯನ್ನು ನುಂಗಿ ನಿಂತ ಹಿನ್ನೀರನ್ನು ನೋಡಿ ಇದಕ್ಕಿಂತ ದೊಡ್ಡ ನೀರು ಇರಲಾರದು ಎಂದುಕೊಂಡವನು ಅವನು. ಪ್ಯಾಂಟು ಮಡಚಿ ಪಾದ ಮುಳುಗುವಷ್ಟು ಇಳಿದ. ಬಗ್ಗಿ ಒಂದು ಬೊಗಸೆ ನೀರು ಕಣ್ಣಿಗೆ ಒತ್ತಿಕೊಂಡ.

"ಇದರ ಆ ದಂಡಿ ಎಲ್ಲೈತೋ?"

"ಆಫ್ರಿಕಾದಾಗ."

"ಅಲ್ಲೀ ಮಟಾ ಬರೇ ನೀರ?"

"ಬರೇ ನೀರ."

ಮರಳಿನಲ್ಲಿ ಹುಡುಗರು ಚೆಂಡಾಡುತ್ತಿದ್ದರು. ಒಬ್ಬ ಮುದುಕ ನಾಯಿಗೆ ಎಳನೀರು ಕುಡಿಸುತ್ತಿದ್ದ. ಕನಕಪ್ಪ ಅದನ್ನೆಲ್ಲ ನೋಡಿ ನಕ್ಕನಂತೆ. ಆ ದಿನ ಅವನು ಮನಸ್ಸುಬಿಚ್ಚಿ ನಕ್ಕದ್ದು ಅಷ್ಟೇ ಎಂದು ಜುಬೇರ ಹೇಳುತ್ತಾನೆ.

ಅಲ್ಲಿಂದ ಮಡಕೆ ಮಾಡುವವರ ಕೇರಿಗೆ ಹೋದರು. ಒಂದು ದೊಡ್ಡ ತಗಡಿನ ಛಾವಣಿಯ ಕೆಳಗೆ ಹೆಂಗಸರು ಚಕ್ರವಿಲ್ಲದೆ, ಕೈಯಿಂದಲೇ ಮಣ್ಣು ಎತ್ತಿ ಅಗಲ ಬಾಯಿಯ ಗಡಿಗೆ ಮಾಡುತ್ತಿದ್ದರು. ಹೊರಗೆ ಬಯಲಲ್ಲೇ ಕಟ್ಟಿಗೆ ಒಟ್ಟಿ ಸುಡುತ್ತಿದ್ದರು. ಬೆಂಕಿಯಿಂದ ತೆಗೆದ ಕೂಡಲೇ ಮರದ ತೊಗಟೆಯ ಕಷಾಯದಲ್ಲಿ ಅದ್ದಿದ ಪೊರಕೆಯಿಂದ ಬಡಿದರೆ ಕೆಂಪು ಗಡಿಗೆ ಚುರ್ ಎಂದು ಕಪ್ಪಾಗುತ್ತಿತ್ತು. ಲೂಸಿಯಾ ಎಂಬ ಅರವತ್ತರ ಹೆಂಗಸು ಆರಿದ ಗಡಿಗೆಗಳನ್ನು ಒಂದೊಂದಾಗಿ ಎತ್ತಿ ಬೆರಳಿನ ಗೆಣ್ಣಿನಿಂದ ತಟ್ಟಿ ಪಕ್ಕಕ್ಕೆ ಇಡುತ್ತಿದ್ದಳು.

ಕನಕಪ್ಪ ಆಕೆಗೆ ಬೆನ್ನು ಮಾಡಿ ಬೆಂಕಿಯ ಕಡೆ ನೋಡುತ್ತ ನಿಂತಿದ್ದ. ಒಂದು ಗಡಿಗೆ ತಟ್ಟಿದ ಸದ್ದಿಗೆ ಥಟ್ಟನೆ ತಿರುಗಿ, "ಅದು ಒಡದೈತ್ರಿ," ಎಂದ, ಕನ್ನಡದಲ್ಲೇ.

ಆಕೆಗೆ ಮಾತು ತಿಳಿಯಲಿಲ್ಲ, ಆದರೆ ಮುಖ ತಿಳಿಯಿತು. ಗಡಿಗೆಯನ್ನು ಕಿವಿಗೆ ಹಿಡಿದು ಮತ್ತೆ ತಟ್ಟಿದಳು. ತಲೆ ಆಡಿಸಿ ಅದನ್ನು ಕಲ್ಲಿಗೆ ಅಪ್ಪಳಿಸಿ ಒಡೆದು ಚೂರುಗಳನ್ನು ಮೂಲೆಗೆ ಎಸೆದಳು. ಕಣ್ಣಿಗೆ ಒಂದು ಗೆರೆಯೂ ಕಾಣದ ಚಂದದ ಗಡಿಗೆ.

"ಅಯ್ಯ, ಯಾಕ ಒಡದ್ಲು? ಕಾಳು ಹಾಕಿ ಇಡಬಹುದಿತ್ತಲ್ಲ," ಎಂದ ಜುಬೇರ. ಅದನ್ನೇ ಆಕೆಯ ಭಾಷೆಯಲ್ಲಿ ಕೇಳಿದ.

ಆಕೆ ಹೇಳಿದ್ದನ್ನು ಜುಬೇರ ತಿರುಗಿಸಿ ಹೇಳಿದ: "ಕಾಳು ಹಾಕಾಕಂತ ಒಯ್ತಾರಂತ, ಆಮ್ಯಾಲ ಯಾರೋ ಒಂದಿನ ಒಲಿ ಮ್ಯಾಲ ಇಡ್ತಾರಂತ. ಕುದಿಯೂ ಸಾರು ಯಾರದರ ಕೂಸಿನ ಮ್ಯಾಲ ಬಿದ್ರ ನಾ ಎಲ್ಲಿ ಹೋಗ್ಲಿ ಅಂತಾಳ."

ಆಮೇಲೆ ಆಕೆ ಕನಕಪ್ಪನನ್ನು ಕೂಡಿಸಿಕೊಂಡು ಹತ್ತು ಹನ್ನೆರಡು ಗಡಿಗೆ ಅವನಿಂದ ತಟ್ಟಿಸಿದಳು. ಇಬ್ಬರ ತೀರ್ಪೂ ಒಂದೇ. ಉಳಿದ ಹೆಂಗಸರು ಮಣ್ಣುಗೈಯಲ್ಲೇ ಎದ್ದು ಬಂದು ಸುತ್ತ ನಿಂತರು. ಕನಕಪ್ಪ ಚೀಲದಿಂದ ಕರದಂಟಿನ ಡಬ್ಬಿ ತೆಗೆದು ಎಲ್ಲರಿಗೂ ಹಂಚಿದ. ಲೂಸಿಯಾ ತುಂಡು ಬಾಯಿಗೆ ಹಾಕಿಕೊಂಡು ಅಂಟನ್ನು ಅಗಿಯುತ್ತ ಏನೋ ಕೇಳಿದಳು. ಜುಬೇರ ನಗುತ್ತ ಹೇಳಿದ: "ನಿನ್ನ ಕಿವಿ ಯಾವತ್ತೂ ತಪ್ಪಿಲ್ಲೇನು ಅಂತ ಕೇಳ್ತಾಳೋ ಕನಕಣ್ಣಾ."

ಕನಕಪ್ಪ ಕೈಯಲ್ಲಿದ್ದ ಗಡಿಗೆಯನ್ನು ಕೆಳಗಿಟ್ಟು ಎದ್ದು ಕಾರಿನ ಕಡೆ ನಡೆದ. ತಲೆತಿರುಗಿತೇನೋ ಎಂದು ಜುಬೇರ ಹಿಂದೆಯೇ ಓಡಿದ.

ಮಧ್ಯಾಹ್ನ ಅಂಥದ್ದೇ ಕಪ್ಪು ಗಡಿಗೆಯಲ್ಲಿ ಕುದಿಯುತ್ತಲೇ ಬಂದ ಮೀನಿನ ಸಾರು ತರಿಸಿದರು. ಕನಕಪ್ಪ ಎರಡು ತುತ್ತು ಅನ್ನ ಉಂಡು ಕೈ ತೊಳೆದ. "ಹೋಟೆಲಿಗೆ ಹೋಗೂಣೇನು?" ಎಂದು ಜುಬೇರ ಕೇಳಿದ್ದಕ್ಕೆ ಬೇಡವೆಂದ.

ಕೊಲ್ಲಿಯ ಮೇಲಿನ ಎತ್ತರದ ಸೇತುವೆ ದಾಟಿ ಆಚೆ ದಂಡೆಯ ವಿಲಾ ವೆಲ್ಯಾ ಎಂಬ ಊರಿಗೆ ಬಂದರು. ಅಲ್ಲಿ ಒಂದು ಗುಡ್ಡ. ಗುಡ್ಡದ ನೆತ್ತಿಯ ಬರಿಬಂಡೆಯ ಮೇಲೆ ನಾಲ್ಕೂವರೆ ನೂರು ವರ್ಷದ ಹಿಂದಿನ ಮಠ, ಮಾತೆ ಮೇರಿಯ ಗುಡಿ. ಪೆನ್ಹಾದ ತಾಯಿ ಎನ್ನುತ್ತಾರೆ. ಪೆನ್ಹಾ ಎಂದರೆ ಬಂಡೆ ಎಂದು ಜುಬೇರ ಹೇಳಿದ. ಮೇಲಿನವರೆಗೆ ಗಾಡಿ ಹೋಗುತ್ತಿತ್ತು. ಕನಕಪ್ಪ ನಡೆದೇ ಬರುತ್ತೇನೆ ಎಂದ. ಕಲ್ಲು ಹಾಸಿದ ಹಳೆಯ ದಾರಿ, ಎರಡೂ ಕಡೆ ದಟ್ಟ ಗಿಡಗಳು. ಒಬ್ಬ ಹೆಂಗಸು ಮಂಡಿಗೆ ಬಟ್ಟೆ ಕಟ್ಟಿಕೊಂಡು ಮೊಣಕಾಲ ಮೇಲೆ ಹತ್ತುತ್ತಿದ್ದಳು. ಆಕೆಯ ಗಂಡ ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ಒಂದೊಂದೇ ಹೆಜ್ಜೆ ಇಡುತ್ತಿದ್ದ. ಅವರನ್ನು ದಾಟಿ ಮುಂದೆ ಹೋಗಲು ಕನಕಪ್ಪನಿಗೆ ಮನಸ್ಸಾಗಲಿಲ್ಲ. ಹಿಂದೆಯೇ ನಿಂತು ನಿಂತು ಹತ್ತಿದ. ಕೊನೆಗೆ ಆಕೆಯ ಗಂಡನೇ ಕೈಸನ್ನೆ ಮಾಡಿ ಇವರನ್ನು ಮುಂದೆ ಬಿಟ್ಟ.

ಗುಡಿ ನೋಡಿದ ಮೇಲೆ ಜುಬೇರ ಅವನನ್ನು ಹರಕೆಯ ವಸ್ತುಗಳನ್ನು ಇಟ್ಟ ಕೋಣೆಗೆ ಕರೆದೊಯ್ದ. ಮೇಣದ ಕೈಗಳು, ಕಾಲುಗಳು, ಮೇಣದ ತಲೆ, ಊರುಗೋಲು, ಅಲ್ಲಿಯ ಮದುಮಗಳು ತೊಡುವ ಬಿಳಿ ಉಡುಪು, ಗೋಡೆಯ ತುಂಬ ಜನರ ಫೋಟೋ. ವಾಸಿಯಾದವರು, ಉಳಿದವರು ತಂದು ಒಪ್ಪಿಸಿದ್ದು. ಒಂದು ಕಡೆ ಕೆಲಸಗಾರರ ಹಳದಿ ಹೆಲ್ಮೆಟ್ಟು ತೂಗುಹಾಕಿದ್ದರು. ಅದರ ನೆತ್ತಿ ಒಳಗೆ ಕುಸಿದಿತ್ತು. ಕೆಳಗಿನ ಚೀಟಿಯನ್ನು ಜುಬೇರ ತಡವರಿಸಿ ಓದಿದ: "ಕಲ್ಲು ಬಿತ್ತು. ನಾ ಉಳದೆ. ತಾಯಿ, ನಿನ್ನ ಋಣ."

ಓದಿ ತಿರುಗಿದಾಗ ಕನಕಪ್ಪ ಅಲ್ಲಿರಲಿಲ್ಲ. ಹೊರಗೆ ತಗ್ಗುಗೋಡೆಯ ಹತ್ತಿರ, ಬಂಡೆಗೆ ಅಂಗೈ ಊರಿ ಕುಳಿತಿದ್ದ. ಕೆಳಗೆ ಊರು, ಸೇತುವೆ, ಬಂದರಿನ ಹಡಗುಗಳು ಎಲ್ಲ ಕಾಣುತ್ತಿದ್ದವು. ಅವನು ಅದಾವುದನ್ನೂ ನೋಡುತ್ತಿರಲಿಲ್ಲ.

"ಜುಬೇರ, ಹಣಮೇಶನ ಕಲ್ಲು ನನಗ ಹೇಳಿತ್ತೋ," ಎಂದ.

"ಏನಂದಿ?"

"ಮೂರು ಸಲ ಬಾರಿಸಿದ್ನಿ. ಎರಡು ಸಲ ಠಣ್ ಅಂತು. ಮೂರನೇದು ಕೆಳಗಿನ ಮೂಲಿಗೆ ಬಾರಿಸಿದಾಗ ಬದ್ ಅಂತು. ಸಣ್ಣಗ ಅಂತು, ಆದ್ರ ಅಂತು. ನಾಕನೇ ಸಲ ಬಾರಸಬೇಕಾಗಿತ್ತು. ಬಾರಸಲಿಲ್ಲ. ಗುರುತು ಹಾಕಿಬಿಟ್ನಿ."

ಜುಬೇರ ಅವನ ಪಕ್ಕದಲ್ಲಿ ಕುಳಿತ.

"ಹಿಂದಿನ ದಿನ ಒಂದು ಬ್ಲಾಕು ಬ್ಯಾಡಂದಿದ್ನಿ. ಸೀಳಿ ನೋಡಿದ್ರ ಒಳಗ ಏನೂ ಇರಲಿಲ್ಲ, ಛಲೋ ಕಲ್ಲು. ಎಲ್ಲಾರೂ ನಕ್ಕರು. ಹಣಮೇಶನೂ ನಕ್ಕ. 'ಅಣ್ಣಾ, ಕಿವ್ಯಾಗಿನ ಗುಗ್ಗಿ ತಗಸು' ಅಂದ. ಅವತ್ತ ಕ್ರೇನಿನವ ಹಾರ್ನ್ ಹೊಡೀತಿದ್ದ. ಇವತ್ತೂ ಬ್ಯಾಡಂದ್ರ ಮತ್ತ ನಗ್ತಾರಂತ... ಅಷ್ಟಕ್ಕ. ಅಷ್ಟಕ್ಕ ಹಾಕಿದ್ನೋ."

ಜುಬೇರ ಎದ್ದು ಸ್ವಲ್ಪ ದೂರ ಹೋಗಿ ನಿಂತು, ಮರಳಿ ಬಂದ. ಆಗ ತನಗೆ ಸಿಟ್ಟು ಬಂದಿತ್ತು ಎಂದು ನನ್ನ ಮುಂದೆ ಒಪ್ಪಿಕೊಂಡಿದ್ದಾನೆ. ಹಣಮೇಶ ಅವನ ಓರಗೆಯವನು, ಗೆಳೆಯ.

"ಇದು ಯಾರಿಗರ ಗೊತ್ತೈತಿ? ಸಾವಂತ್ರಕ್ಕಗ?"

"ಇಲ್ಲ."

"ಸವಿತಾಗ?"

"ಇಲ್ಲ."

"ಮತ್ತ ನನಗ ಯಾಕ ಹೇಳಿದಿ? ನಾ ಏನ ಮಾಡ್ಲಿ ಇದನ್ನ ತೊಗೊಂಡು? ನನ್ನ ಮುಂದ ಹೇಳಿ ಹಗುರ ಆಗಬ್ಯಾಡ ಕನಕಣ್ಣಾ. ಹೇಳಬೇಕಾದಾಕಿ ಊರಾಗದಾಳ."

ಮೊಣಕಾಲ ಮೇಲೆ ಬಂದ ಹೆಂಗಸು ಕೊನೆಯ ಮೆಟ್ಟಿಲು ಹತ್ತಿ, ಗಂಡನ ಭುಜ ಹಿಡಿದು ಎದ್ದು ನಿಂತು, ಒಳಗೆ ಹೋದಳು. ಆಮೇಲೆ ಜುಬೇರ ಕನಕಪ್ಪನ ರಟ್ಟೆ ಹಿಡಿದು ಎಬ್ಬಿಸಿದ. ಕೆಳಗಿನವರೆಗೂ ಆ ಹಿಡಿತ ಬಿಡಲಿಲ್ಲ. ಆ ಊರಿನ ಹೆಸರಾದ ಚಾಕೋಲೇಟ್ ಫ್ಯಾಕ್ಟರಿಯನ್ನೂ ತೋರಿಸುವ ಮನಸ್ಸು ಜುಬೇರನಿಗಿತ್ತು, ಅಲ್ಲಿಗೆ ಹೋಗಲಿಲ್ಲ.

ಊರಿಗೆ ಬಂದ ಮೇಲೆ ಕನಕಪ್ಪನಿಗೆ ಆ ಮಾತು ಹೇಳಲು ಹದಿನೇಳು ದಿನ ಬಾಯಿ ಬರಲಿಲ್ಲ. ಹೊರದೇಶ ನೋಡಿ ಬಂದವನೆಂದು ದಿನಾ ಯಾರಾದರೂ ಬಂದು ಕೂರುತ್ತಿದ್ದರು. ವಿಮಾನದೊಳಗೆ ಏನು ಕೊಟ್ಟರು, ಅಲ್ಲಿಯ ಜನ ಹೇಗೆ ಎಂದು ಕೇಳುತ್ತಿದ್ದರು. ಅವನು ಒಂದೆರಡು ಮಾತಿನಲ್ಲಿ ಮುಗಿಸುತ್ತಿದ್ದ. ಹದಿನೆಂಟನೆಯ ದಿನ ಸಾವಂತ್ರವ್ವ ಹೊಲಕ್ಕೆ ಹೋಗಿದ್ದಳು, ಮಹಾದೇವಿ ಕಾಲೇಜಿಗೆ. ಸವಿತಾ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಭಾವ ಬಂದದ್ದು ಕಂಡು ಮೊರ ಬದಿಗಿಟ್ಟು ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ಆಕೆ ಭಾವನ ಮುಂದೆ ಕುಳಿತವಳಲ್ಲ.

ಅವನು ನಿಂತೇ ಹೇಳಿದ. ಜುಬೇರನಿಗೆ ಹೇಳಿದ್ದನ್ನೇ, ಒಂದು ಮಾತೂ ಬಿಡದೆ ಹೇಳಿದ.

ಸವಿತಾ ಕುಳಿತುಬಿಟ್ಟಳು.

ಅಳುತ್ತಾಳೆ, ಬೈಯುತ್ತಾಳೆ, ಎದ್ದು ಹೊಡೆದರೂ ಹೊಡೆಯಲಿ ಎಂದು ಅವನು ಕಾದ. ಆಕೆ ನೆಲ ನೋಡುತ್ತ ಹೇಳಿದಳು:

"ಅವತ್ತ ಮುಂಜಾನೆ ಅವರಿಗೆ ಮೈ ಬೆಚ್ಚಗಿತ್ತು. ಇವತ್ತ ಹೋಗೂದಿಲ್ಲ ಅಂದ್ರು. ನಾನ ಎಬ್ಬಿಸಿ ಕಳಿಸಿದ್ನಿ. ಸಣ್ಣ ಜ್ವರಕ್ಕ ಯಾರ ಮಲಗ್ತಾರ ಅಂದ್ನಿ. ಎಂಟು ವರ್ಷಾತ್ರಿ ಭಾವಾರ. ನಾನ ಕೊಂದೆ ಅನಕೋತ ಉಂಡೀನಿ, ಅನಕೋತ ಮಲಗೀನಿ. ನಿಮ್ಮ ಕಣ್ಣ ಮುಂದನ ತಿರಗ್ಯಾಡೀನಿ. ನಿಮಗ ಕಾಣ್ಲಿಲ್ಲೇನ್ರಿ?"

ಕನಕಪ್ಪ ಈ ಒಂದು ಮಾತನ್ನು ನಿರೀಕ್ಷಿಸಿರಲಿಲ್ಲ. ತನ್ನ ತಪ್ಪನ್ನು ತಾನೊಬ್ಬನೇ ಹೊತ್ತಿದ್ದೇನೆ ಎಂದುಕೊಂಡಿದ್ದ. ಅದರ ಅರ್ಧ ಭಾರ ಈ ಹೆಂಗಸಿನ ತಲೆಯ ಮೇಲೆ ಇಷ್ಟು ವರ್ಷ ಕುಳಿತಿತ್ತೆಂದು, ಅದನ್ನು ಇಳಿಸುವ ಒಂದು ಮಾತು ತನ್ನ ಬಾಯೊಳಗೇ ಇತ್ತೆಂದು ಅವನಿಗೆ ಹೊಳೆದಿರಲೇ ಇಲ್ಲ. "ಆ ಹೊತ್ತಿನ್ಯಾಗ ಭೂಮಿ ಬಾಯಿ ಬಿಟ್ಟಿದ್ರ ಇಳದುಬಿಡ್ತಿದ್ನಿರಿ ಮಾಸ್ತರ," ಎಂದು ನನ್ನ ಮುಂದೆ ಹೇಳಿದ್ದಾನೆ.

ಆಕೆ ಮೊರ ಮತ್ತೆ ಎಳೆದುಕೊಂಡಳು. ಉಳಿದ ಜೋಳ ಹಸನು ಮಾಡಿ ಮುಗಿಸಿದ ಮೇಲೆ, "ಮಹಾದೇವಿಗೆ ನೀವ ಹೇಳ್ರಿ. ನಾ ಹೇಳೂದಿಲ್ಲ," ಎಂದಳು.

ಸಂಜೆ ಮಹಾದೇವಿ ಬಂದಾಗ ಹೇಳಿದ. ಹದಿನೇಳರ ಹುಡುಗಿ ಒಂದೇ ಪ್ರಶ್ನೆ ಕೇಳಿದಳು: "ದೊಡ್ಡಪ್ಪಾ, ಆ ಸಪ್ಪಳ ನಮ್ಮಪ್ಪಗ ಕೇಳಿಸಿತ್ತೇನು?"

"ಇಲ್ಲವ್ವಾ. ನನಗಷ್ಟ ಕೇಳಿಸಿತ್ತು."

ಸಾವಂತ್ರವ್ವನಿಗೂ ಹೇಳಿದ. ಆಕೆ ಮೂರು ದಿನ ಒಲೆ ಹಚ್ಚಲಿಲ್ಲ, ಸವಿತಾಳೇ ಅಡುಗೆ ಮಾಡಿದಳು. ಕೊನೆಗೆ ಮಾಲಕರ ಹತ್ತಿರ ಹೋದ. ಹಳೇ ಮಾತು, ಬೇರೆ ಕ್ವಾರಿಯ ಮಾತು, ಇದನ್ನು ಊರೆಲ್ಲ ಯಾಕೆ ಹೇಳುತ್ತಿ ಎಂದು ಅವರು ಗದರಿದರು. ಕನಕಪ್ಪ, ಕೇಳಿದವರಿಗೆ ಮುಚ್ಚಿಡುವುದಿಲ್ಲ ಎಂದ. ಇನ್ನು ಮುಂದೆ ತನ್ನೊಬ್ಬನ ಕಿವಿಯ ಮೇಲೆ ಕ್ರೇನು ಎತ್ತಬಾರದು, ತಾನು ಬಾರಿಸಿದ ಮೇಲೆ ಇನ್ನೊಬ್ಬರು ಬಾರಿಸಬೇಕು, ಇಬ್ಬರ ಗುರುತೂ ಬೀಳಬೇಕು ಎಂದ. ಒಂದು ತಿಂಗಳು ಎಳೆದಾಡಿ ಅವರು ಒಪ್ಪಿದರು. ಈಗ ದೇವಪ್ಪ ಎಂಬ ಹಿರಿಯ ಡ್ರಿಲ್ಲರ್ ಎರಡನೆಯ ಗುರುತು ಹಾಕುತ್ತಾನೆ. ಎರಡು ಸಲ ಅವನು ಕನಕಪ್ಪನ ಗುರುತಿನ ಪಕ್ಕದಲ್ಲಿ ತನ್ನದನ್ನು ಹಾಕಲು ಒಪ್ಪಲಿಲ್ಲ. ಕಲ್ಲು ಕೆಳಗೇ ಉಳಿಯಿತು.

ಜೂನ್‌ನಲ್ಲಿ ಮಹಾದೇವಿಗೆ ಬಾಗಲಕೋಟೆಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಸವಿತಾ ತಾನೂ ಹೋಗುತ್ತೇನೆ ಎಂದಳು. ನವನಗರದಲ್ಲಿ ಒಂದು ಖೋಲಿ ಹಿಡಿದು ಹುಡುಗಿಯರ ವಸತಿಗೃಹದ ಅಡುಗೆಮನೆಗೆ ಸೇರಿದಳು. ಹೊರಡುವ ದಿನ ಸಾವಂತ್ರವ್ವನ ಕಾಲಿಗೆ ಬಿದ್ದಳು, ಭಾವನ ಕಡೆ ತಿರುಗಲಿಲ್ಲ.

ಕನಕಪ್ಪ ತಿಂಗಳಿಗೊಮ್ಮೆ ಜೋಳದ ಹಿಟ್ಟಿನ ಚೀಲ ಹೊತ್ತು ಬಸ್ಸಿನಲ್ಲಿ ಬಾಗಲಕೋಟೆಗೆ ಹೋಗುತ್ತಿದ್ದ. ಆಕೆ ಬಾಗಿಲಲ್ಲೇ ಚೀಲ ಇಸಿದುಕೊಂಡು, ಹಿಂದಿನ ತಿಂಗಳ ಖಾಲಿ ಚೀಲ ಮಡಚಿ ಕೊಡುತ್ತಿದ್ದಳು. ಮಾತಿಲ್ಲ. ಅವನು ತಿರುಗಿ ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದ. ಐದು ತಿಂಗಳು ಹೀಗೇ ನಡೆಯಿತು. ಬೇಡವೆಂದು ಆಕೆ ಹೇಳಲಿಲ್ಲ, ಇವನು ಹೋಗುವುದು ಬಿಡಲಿಲ್ಲ.

ಆರನೆಯ ತಿಂಗಳು ಅವನು ಮರಳುವಾಗ ಹುನಗುಂದದಲ್ಲಿ ಇಳಿದು ನಮ್ಮ ಮನೆಗೆ ಬಂದ. ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಟವೆಲಿನಿಂದ ಮುಖ ಒರೆಸಿಕೊಂಡ.

"ಇವತ್ತ ಒಳಗ ಕರದಳ್ರಿ ಮಾಸ್ತರ. 'ಬಿಸಲ ಭಾಳ ಐತಿ, ಒಳಗ ಬರ್ರಿ ಭಾವಾರ' ಅಂದಳು. ಹೋಗಿ ಕುಂತ್ನಿ. ಆಕೀನೂ ಎದರಿಗೆ ಕುಂತಳು. ಮಹಾದೇವಿ ಪರೀಕ್ಷಾ ಬರದಾಳಂತ, ದವಾಖಾನ್ಯಾಗ ಕಲಿಯಾಕ ಹೋಗ್ತಾಳಂತ. ಅದನ್ನೆಲ್ಲಾ ಹೇಳಿದಳು."

"ಕ್ಷಮಾ ಮಾಡಿದ್ಲೇನಪ್ಪಾ?" ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

"ಅದನ್ನ ನಾ ಹೆಂಗ ಕೇಳ್ಲಿರಿ?" ಎಂದ ಕನಕಪ್ಪ. "ಒಂದು ತಂಬಗಿ ನೀರ ಕೊಟ್ಟಳು. ಕುಡದ್ನಿ."

ನನ್ನ ಹೆಂಡತಿ ಚಹಾ ತಂದಳು. ಮರುದಿನ ಮುಂಜಾನೆ ಏಳಕ್ಕೆ ಕ್ವಾರಿ ಇತ್ತು. ಚಹಾ ಕುಡಿದು, ಖಾಲಿ ಚೀಲ ಬಗಲಲ್ಲಿ ಇಟ್ಟುಕೊಂಡು, ಅವನು ಇಳಕಲ್ ಬಸ್ಸಿಗೆ ಹೋದ.